ಗಿರಿಜಮ್ಮನ ಫೋನೂ ನಮ್ಮ ಪಂಚಾಕ್ಷರಯ್ಯನವರೂ

ಪಂಚಾಕ್ಷರಯ್ಯನವರ ಕೈಗೆ ಏನನ್ನು ಕೊಟ್ಟರೂ ಮೊದಲು ಅದನ್ನು ಬಲಗಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದರು. ಔಷಧಿಯ ಬಾಟಲಿ, ಬೆಂಕಿಪೊಟ್ಟಣ, ಕಕ್ಷಿದಾರರು ತಂದ ಅಂಟಿಸಿದ ಲಕೋಟೆ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ನಾನು ಮೊದಲ ಸಲ ಅವರ ಮುಂದೆ ಪೆನ್‌ಡ್ರೈವ್ ಇಟ್ಟಾಗಲೂ ಹಾಗೇ ಮಾಡಿದರು. ಅಲ್ಲಾಡಿಸಿ, ಹುಬ್ಬು ಗಂಟಿಕ್ಕಿ, ‘ಏನೂ ಇಲ್ಲ ಕಣಮ್ಮ ಇದ್ರಲ್ಲಿ’ ಎಂದು ವಾಪಸ್ಸು ಕೊಟ್ಟರು. ಅದರೊಳಗೆ ಒಂದು ಪಾಲು ವಿಭಾಗದ ದಾವೆಯ ಅಷ್ಟೂ ಕಾಗದ ಇತ್ತು.

ನಮ್ಮ ಕಡೆಯವರಿಗೆ ಈ ಚಾಳಿ ವಿಚಿತ್ರವೇನಲ್ಲ. ತಿಪಟೂರು ಸೀಮೆಯಲ್ಲಿ ಕೊಬ್ಬರಿಗೆಂದು ಬಿಟ್ಟ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹರವಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟ ಬಿಟ್ಟುಕೊಂಡಾಗ ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆ ಸದ್ದು ಬಂದರೆ ಕಾಯಿ ಇಳಿಸಬಹುದು, ಬಾರದಿದ್ದರೆ ಇನ್ನೂ ಹಸಿ. ನೊಣವಿನಕೆರೆಯ ತೋಟದಲ್ಲಿ ಬೆಳೆದ ಪಂಚಾಕ್ಷರಯ್ಯನವರು ಈ ನಿಯಮವನ್ನು ಕಾಯಿಗಷ್ಟೇ ಬಿಡದೆ ಸಕಲ ಚರಾಚರಕ್ಕೂ ಹಚ್ಚಿದ್ದರು, ಅಷ್ಟೆ.

ನಾನು ಹೊನ್ನವಳ್ಳಿಯವಳು. ಕಾನೂನು ಓದಿ ಮುಗಿಸಿ, ಕರಿ ಕೋಟು ಹೊಲಿಸಿಕೊಂಡು, ತಿಪಟೂರಿನಲ್ಲಿ ಅವರ ಜೂನಿಯರ್ ಆಗಿ ಸೇರಿದೆ. ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ ಅವರ ಆಫೀಸು. ಬೇಸಿಗೆಯಲ್ಲಿ ಕೆಳಗಿನಿಂದ ಯೂರಿಯಾ ವಾಸನೆ, ಮೇಲಿನಿಂದ ತಗಡಿನ ಕಾವು. ಫ್ಯಾನು ಇತ್ತು, ಆದರೆ ಕಕ್ಷಿದಾರರು ಬಂದರೆ ಮಾತ್ರ ತಿರುಗುತ್ತಿತ್ತು, ಅದೂ ಅವರು ಕೂತು ವಿಷಯಕ್ಕೆ ಬಂದ ಮೇಲೆ. ಕರಡು ಬರೆಯಲು ಹೊಸ ಹಾಳೆ ಮುಟ್ಟಿದವರಲ್ಲ. ಬಂದ ಆಮಂತ್ರಣ ಪತ್ರಿಕೆಗಳ ಬೆನ್ನೆಲ್ಲ ಅವರದೇ. ಒಂದು ವಿಚ್ಛೇದನದ ಅರ್ಜಿಯ ಕರಡನ್ನು ಅದೇ ದಂಪತಿಯ ಮದುವೆ ಕಾರ್ಡಿನ ಹಿಂದೆ ಬರೆದಿದ್ದರು. ಹುಡುಗಿಯ ತಂದೆ ಅದನ್ನು ಸಾಕ್ಷ್ಯಕ್ಕೆಂದು ತಂದಿದ್ದರು ಎಂಬುದು ಕೊನೆಗೆ ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಾಯಿತು.

ಜಿಪುಣ ಎಂದು ಬಾರ್ ಅಸೋಸಿಯೇಷನ್ನಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡಿದ್ದೇನೆ. ಆದರೆ ತಮ್ಮ ದುಡ್ಡಿಗಿಂತ ಕಕ್ಷಿದಾರರ ದುಡ್ಡು ಖರ್ಚಾಗುವಾಗ ಅವರಿಗೆ ಹೆಚ್ಚು ಸಂಕಟವಾಗುತ್ತಿತ್ತು. ಯಾವುದಾದರೂ ದಾಖಲೆಯ ನಕಲಿಗೆ ಅರ್ಜಿ ಹಾಕೋಣವೆಂದು ನಾನು ಬಾಯಿ ತೆರೆದರೆ ಸಾಕು, ‘ಇದ್ರಿಂದ ಏನು ತಿಳ್ಕಬೇಕು ಅಂತಿದ್ದೀಯ, ಅದ್ನ ಮೊದ್ಲು ಬಾಯ್ಬಿಟ್ಟು ಹೇಳಮ್ಮ. ಆಮೇಲೆ ಅರ್ಜಿ’ ಎನ್ನುತ್ತಿದ್ದರು. ಹೇಳಲು ಬಾರದಿದ್ದರೆ ಅರ್ಜಿ ಇಲ್ಲ. ಎಷ್ಟೋ ಸಲ ಹೇಳಲು ಹೋಗಿ ನನಗೇ ಏನು ಬೇಕೆಂದು ಗೊತ್ತಿಲ್ಲ ಅನ್ನುವುದು ಗೊತ್ತಾಗಿ ಅರ್ಜಿಯನ್ನೇ ಕೈಬಿಟ್ಟಿದ್ದೇನೆ.

ಅವರು ಪೂರ್ತಿಯಾಗಿ ಕಣ್ಣಿಗೆ ಬಿದ್ದದ್ದು ಗಿರಿಜಮ್ಮನ ಕೇಸಿನಲ್ಲಿ.

ಗಿರಿಜಮ್ಮ ಹಂದನಕೆರೆ ಕಡೆಯವರು, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದರು. ದಪ್ಪ ಹೆಂಗಸು, ದಪ್ಪ ದನಿ. ಅವರ ಮೂಟೆಯನ್ನು ಯಾರೂ ಬಿಚ್ಚಿಸಿ ನೋಡುತ್ತಿರಲಿಲ್ಲ, ಹೊಲಿಗೆ ನೋಡಿಯೇ ಲಾರಿಗೆ ಏರಿಸುತ್ತಿದ್ದರು. ಅಂಥವರ ಒಂದು ಲೋಡನ್ನು ತೆಗೆದುಕೊಂಡ ಬೆಂಗಳೂರಿನ ಮಿಠಾಯಿ ಕಂಪನಿಯೊಂದು ಅರ್ಧ ಬೆಲೆ ಕೊಟ್ಟು, ಉಳಿದದ್ದಕ್ಕೆ ಕೈ ಎತ್ತಿತು. ಸರಕಿನಲ್ಲಿ ಬೂಷ್ಟು ಹಿಡಿದ ಕೊಬ್ಬರಿಯನ್ನು ಬೇಕೆಂದೇ ಬೆರೆಸಿದ್ದಾರೆ ಎಂದು ಕಾರಣ ಕೊಟ್ಟಿತು. ಗಿರಿಜಮ್ಮ ದಾವೆ ಹೂಡಲು ನಮ್ಮಲ್ಲಿಗೆ ಬಂದರು.

ಪಂಚಾಕ್ಷರಯ್ಯನವರು ಅಭ್ಯಾಸದಂತೆ ಮೊದಲು ರಾಜಿಯ ಮಾತಾಡಿದರು. ‘ಕಂಪನಿಯೋರು ಇನ್ನೊಂದಿಷ್ಟು ಕೊಡ್ತಾರೆ, ತಗಂಡು ಮುಗ್ಸಿ ಗಿರಿಜಮ್ಮ. ಕೋರ್ಟು ಖರ್ಚು ನಿಮಗೆ ತಿಳೀದು.’

‘ದುಡ್ಡು ಹಾಳಾಗೋಗ್ಲಿ ಬುಡಿ ಸ್ವಾಮಿ,’ ಎಂದರು ಗಿರಿಜಮ್ಮ. ‘ಈಗ ನನ್ನ ಮೂಟೆ ಬಿಚ್ಚುಸ್ತಾವ್ರೆ. ನನ್ನ ಎದುರ್ಗೇ. ಮೊನ್ನೆ ಬಂದ ಹುಡುಗನ್ನೂ ಸೇರ್ಸಿ ಎಲ್ಲಾರೂ ಬಿಚ್ಚಿ, ಕೈ ಹಾಕಿ, ಮೂಸಿ ನೋಡ್ತಾವ್ರೆ. ನಾನು ಬೂಷ್ಟು ಬೆರ್ಸಿಲ್ಲ ಅಂತ ಕೋರ್ಟು ಹೇಳ್ಬೇಕು. ಅಷ್ಟೇ ನಂಗೆ ಬೇಕಾಗಿರೋದು.’

ಏನು ಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕಕ್ಷಿದಾರರನ್ನು ಅವರು ಅದುವರೆಗೆ ಕಂಡಿರಲಿಲ್ಲವೆಂದು ಕಾಣುತ್ತದೆ. ತಾವೇ ಎದ್ದು ಫ್ಯಾನ್ ಹಾಕಿದರು.

ವ್ಯವಹಾರವೆಲ್ಲ ಫೋನಿನಲ್ಲೇ ನಡೆದಿತ್ತು. ಕರಾರು ಪತ್ರವಿಲ್ಲ, ರುಜುವಿಲ್ಲ, ಎಲ್ಲ ವಾಟ್ಸಾಪು, ಅದರಲ್ಲೂ ದನಿ ಸಂದೇಶ. ಹಾಗಾಗಿ ಫೋನೇ ಸಾಕ್ಷಿ. ‘ಕೇಸು ಮುಗಿಯೋ ತನಕ ಅದ್ರಲ್ಲಿರೋ ಒಂದಕ್ಷರನೂ ಅಳಿಸ್ಬಾರ್ದು. ಹುಷಾರಾಗಿ ಇಟ್ಕಳಿ’ ಎಂದು ಪಂಚಾಕ್ಷರಯ್ಯನವರು ಗಿರಿಜಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ ಆಫ್. ಕೊನೆಗೆ ನಾನೇ ಅವರ ಮನೆಗೆ ಹೋದೆ. ಗಿರಿಜಮ್ಮ ಏಣಿ ಹಾಕಿಸಿ, ಅಟ್ಟ ಹತ್ತಿ, ಕಾಯಿ ರಾಶಿಯ ನಡುವಿನಿಂದ ಹಳೆ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ತಂದರು. ಕೆಡಬಾರದ್ದನ್ನು ಅವರ ಮನೆಯಲ್ಲಿ ಇಡುವ ಜಾಗ ಅದೊಂದೇ. ಕೆಳಗಿನ ಒಲೆಯ ಹೊಗೆ ಹಿಡಿದು ಫೋನಿಗೆ ಒಳ್ಳೆ ಕೊಬ್ಬರಿಯ ಬಣ್ಣ ಬಂದಿತ್ತು. ಅಷ್ಟೂ ದಿನ ಅವರು ವ್ಯಾಪಾರವನ್ನು ಪಕ್ಕದ ಮಂಡಿಯವರ ಫೋನಿನಿಂದ ಕೂಗಿ ಕೂಗಿ ನಡೆಸಿದ್ದರು. ಆಫೀಸಿಗೆ ತಂದುಕೊಟ್ಟಾಗ ಪಂಚಾಕ್ಷರಯ್ಯನವರು ಫೋನನ್ನು ಕೈಗೆ ತೆಗೆದುಕೊಂಡು, ಕಿವಿಗೆ ಹಿಡಿದು ಅಲ್ಲಾಡಿಸಿ, ‘ಏನೂ ಕೆಟ್ಟಿಲ್ಲ’ ಎಂದರು. ಚಾರ್ಜಿಗೆ ಹಾಕಿದರೆ ಅದು ನಿಜಕ್ಕೂ ಹೊತ್ತಿಕೊಂಡಿತು.

ಕಂಪನಿಯ ವಕೀಲ ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಿದ್ದ ತರುಣ. ಒಳ್ಳೆಯವನೇ, ಆದರೆ ಕಾಯಿ ಅಂದರೆ ಅಂಗಡಿಯಲ್ಲಿ ತೂಕಕ್ಕೆ ಸಿಗುವ ವಸ್ತು ಎಂದು ತಿಳಿದಿದ್ದವನು. ಅವನೊಂದು ಅರ್ಜಿ ಹಾಕಿದ. ಗಿರಿಜಮ್ಮನ ಫೋನು ಮತ್ತು ಮಂಡಿಯ ಕಂಪ್ಯೂಟರನ್ನು ಖಾಸಗಿ ಲ್ಯಾಬಿಗೆ ಕಳಿಸಬೇಕು. ‘ಕಾಯಿ’, ‘ತೆಂಗು’, ‘ಕೊಬ್ಬರಿ’ ಎಂಬ ಪದಗಳಿರುವ ಪ್ರತಿ ಸಂದೇಶವನ್ನೂ ಹೊರತೆಗೆಯಬೇಕು. ದನಿ ಸಂದೇಶಗಳನ್ನೆಲ್ಲ ಬರಹಕ್ಕಿಳಿಸಿ ಇಂಗ್ಲಿಷಿಗೆ ಅನುವಾದಿಸಬೇಕು. ಖರ್ಚನ್ನು ಎರಡೂ ಕಡೆಯವರು ಸಮನಾಗಿ ಹಂಚಿಕೊಳ್ಳಬೇಕು. ಕೊಡದಿದ್ದರೆ ಗಿರಿಜಮ್ಮ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನ್ಯಾಯಾಲಯ ಭಾವಿಸಬೇಕು.

ತಿಪಟೂರಿನಲ್ಲಿ ಕಾಯಿ ಎಂಬ ಪದವಿಲ್ಲದ ಸಂದೇಶ ಹುಡುಕುವುದು ಕಷ್ಟ. ಹುಟ್ಟು, ಸಾವು, ಸೀಮಂತ, ಸಾರು, ಎಲ್ಲದರಲ್ಲೂ ಅದು ಇದ್ದೇ ಇರುತ್ತದೆ. ಕೋರ್ಟು ಖರ್ಚಿನ ಅಂದಾಜು ಕೇಳಿದ್ದರಿಂದ ಲ್ಯಾಬಿನವರು ನಮ್ಮ ಆಫೀಸಿಗೇ ಬಂದು, ಮಾದರಿಗೆಂದು ಒಂದೇ ಒಂದು ದಿನದ ಸಂದೇಶಗಳನ್ನು ತೆಗೆದುಕೊಂಡು ಹೋಗಿ ಒಂದು ದಪ್ಪ ಕಟ್ಟು ಮಾಡಿ, ಅದರ ಜೊತೆಗೆ ಅಷ್ಟರ ಬಿಲ್ಲನ್ನೂ ಪೂರ್ತಿ ಕೆಲಸದ ಕೊಟೇಶನ್ನನ್ನೂ ಕಳಿಸಿದರು. ನಮ್ಮ ಪಾಲಿನ ಅರ್ಧವೇ ಕಂಪನಿ ಕೊಡಬೇಕಿದ್ದ ಬಾಕಿಯನ್ನು ಮೀರಿತ್ತು. ಪಂಚಾಕ್ಷರಯ್ಯನವರು ಅದನ್ನು ಓದಿ, ಕುರ್ಚಿಗೆ ಒರಗಿ, ನೀರು ಕೇಳಿದರು.

ಆ ಮಾದರಿ ಕಟ್ಟನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ, ಬೇಸರವಾದಾಗ ಓದಲು. ತುರುವೇಕೆರೆಯಲ್ಲಿರುವ ಗಿರಿಜಮ್ಮನ ತಂಗಿ ‘ಅಕ್ಕ, ಚಟ್ನಿಗೆ ಕಾಯಿ ಸಾಲ್ದು, ಬತ್ತಾ ಎರಡು ತಾ’ ಎಂದು ಕಳಿಸಿದ್ದಳು. ಅದರ ಅನುವಾದದ ಎದುರಿಗೆ ತಜ್ಞರ ಟಿಪ್ಪಣಿ: ಸರಕಿನ ಕೊರತೆಯ ಸೂಚನೆ. ಯಾರೋ ನೆಂಟರು ಈಡುಗಾಯಿ ಒಡೆಸಿದ ಸುದ್ದಿಗೆ: ಸರಕು ನಾಶಪಡಿಸಿದ ಸಾಧ್ಯತೆ. ಎಲ್ಲಕ್ಕಿಂತ ಹೆಚ್ಚು ಪುಟ ತಿಂದಿದ್ದು ಮಾತೇ ಇಲ್ಲದ ದನಿ ಸಂದೇಶಗಳು. ನಮ್ಮ ರೈತರು ಕಾಯಿ ಒಣಗಿದೆ ಎಂದು ತೋರಿಸಲು ಅಟ್ಟದ ಮೇಲೆ ಕೂತು ಫೋನಿನ ಹತ್ತಿರ ಒಂದು ಕಾಯಿ ಅಲ್ಲಾಡಿಸಿ ಸದ್ದು ಕಳಿಸುತ್ತಾರೆ. ಗಿರಿಜಮ್ಮ ಕೇಳಿ, ‘ತತ್ತಾ’ ಎಂದೋ, ‘ಇನ್ನೊಂದ್ ತಿಂಗ್ಳು ಬುಡಣ್ಣ, ಹಸಿ ಐತೆ’ ಎಂದೋ ಉತ್ತರ ಕೊಡುತ್ತಾರೆ. ಲ್ಯಾಬಿನವರು ಬರೆದಿದ್ದರು: ಗಡಗಡ ಶಬ್ದ, ಪುನರಾವರ್ತಿತ, ಸಂಕೇತ ಭಾಷೆ ಇರಬಹುದು, ಸರಕು ಹಸಿಯಾಗಿರುವುದು ವಾದಿಗೆ ತಿಳಿದಿತ್ತು.

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ಹಣ ಕಟ್ಟಿದರೆ ಗಿರಿಜಮ್ಮ ಮುಳುಗುತ್ತಾರೆ, ಕಟ್ಟದಿದ್ದರೆ ಬೂಷ್ಟಿನ ಅಪವಾದ ಕಾಯಂ ಆಗುತ್ತದೆ.

ಪಂಚಾಕ್ಷರಯ್ಯನವರು ರಾತ್ರಿಯೆಲ್ಲ ಯೋಚಿಸಿ ಮರುದಿನ ಉಪಾಯದೊಂದಿಗೆ ಬಂದರು. ‘ಲ್ಯಾಬಿಗ್ಯಾಕಮ್ಮ ದುಡ್ಡು? ಫೋನು ನಮ್ಮತ್ರನೇ ಐತೆ. ನೀನಿದ್ದೀಯ. ಕೂತು ಎಲ್ಲ ಕೇಳ್ಬುಡು. ಬೇಕಾದ್ದು ಬರ್ಕೊ. ಪುಕ್ಸಟ್ಟೆ ಆಗೋಯ್ತದೆ.’

ಪುಕ್ಕಟೆಯಾಗಿ ಸಿಕ್ಕಿದ್ದು ನನ್ನ ಕಿವಿಗಳು. ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನ್ ಹಾಕಿಕೊಂಡು ಗಿರಿಜಮ್ಮನ ಬಳಗದ ಸಮಸ್ತ ವ್ಯವಹಾರವನ್ನೂ ಕೇಳಿದೆ. ವಚನ, ಚೀಟಿ ಜಗಳ, ಸೊಸೆಯರ ಮೇಲಿನ ದೂರು, ನಡುನಡುವೆ ಗಡಗಡ. ಯಾವ ಸದ್ದು ಯಾರ ಅಟ್ಟದ್ದು ಎಂದು ಹೇಳುವಷ್ಟು ಪಳಗಿದೆ. ಒಂದು ದಿನ ಮನೆಯಲ್ಲಿ ಅಮ್ಮ ಡಬ್ಬಿಯಲ್ಲಿ ಕಡಲೆಬೀಜ ಅಲ್ಲಾಡಿಸಿದರೆ, ‘ಇನ್ನೊಂದು ತಿಂಗಳು ಬಿಡಮ್ಮ’ ಅಂದುಬಿಟ್ಟೆ. ಅಮ್ಮ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು.

ಅಷ್ಟರಲ್ಲಿ ಆಫೀಸಿನ ಬೇರೆ ಕೇಸುಗಳಿಗೆಲ್ಲ ವಾಯಿದೆಯ ಮೇಲೆ ವಾಯಿದೆ ಬೀಳುತ್ತಿತ್ತು. ಜಮೀನು ವ್ಯಾಜ್ಯದ ಹಳೇ ಕಕ್ಷಿದಾರರೊಬ್ಬರು ಬಂದು, ‘ನಿಮ್ಮ ಲಾಯರಮ್ಮ ಕಿವಿಗೆ ದಾರ ಹಾಕ್ಕಂಡು ತಲೆ ಆಡಿಸ್ತಾ ಕೂತವ್ರೆ, ನಮ್ ಕೇಸು ಯಾರ್ರೀ ನೋಡ್ತಾರೆ?’ ಎಂದು ಜಗಳವಾಡಿ ಫೈಲು ಎತ್ತಿಕೊಂಡು ಹೋದರು. ಆಗ ಪಂಚಾಕ್ಷರಯ್ಯನವರಿಗೆ ಹೊಳೆಯಿತು. ಎದ್ದು ಬಂದು ನನ್ನ ಹೆಡ್‌ಫೋನನ್ನು ಮೆಲ್ಲಗೆ ತೆಗೆದಿಟ್ಟರು. ‘ತೆಗೆಯೋದ್ರಲ್ಲಿ ಏನಿಲ್ಲ ಕಣಮ್ಮ ಖರ್ಚು. ತೆಗೆದಿದ್ದನ್ನ ಯಾರಾದ್ರೂ ಕೂತು ಕೇಳ್ಬೇಕಲ್ಲ, ಅಲ್ಲೈತೆ. ಬೇಡದ್ದನ್ನ ತೆಗೀದಂಗೆ ಮಾಡ್ಬೇಕು. ನಾನು ಉಲ್ಟಾ ಹೊಂಟಿದ್ದೆ.’ ನನ್ನ ದುಡಿಮೆಗೂ ಬೆಲೆ ಇದೆಯೆಂದು ಅವರು ಒಪ್ಪಿಕೊಂಡದ್ದು ಅದೇ ಮೊದಲು. ಒಳಗೊಳಗೇ ಖುಷಿಯಾಯಿತು, ಸಿಟ್ಟೂ ಬಂತು.

ಆಮೇಲೆ ಮೂರು ಜನ ಕೂತೆವು, ಅವರು, ನಾನು, ಗಿರಿಜಮ್ಮ. ಅವರು ಗಿರಿಜಮ್ಮನನ್ನು ಹಳೇ ಪ್ರಶ್ನೆ ಕೇಳಿದರು, ಏನು ತಿಳಿಯಬೇಕು? ಲೋಡು ಹೋಗುವಾಗ ಚೆನ್ನಾಗಿತ್ತು, ತಲುಪಿದಾಗ ಚೆನ್ನಾಗಿತ್ತು, ಇಷ್ಟು ತಿಳಿದರೆ ಸಾಕು. ಅದು ಯಾರಿಗೆ ಗೊತ್ತು? ಗಿರಿಜಮ್ಮನಿಗೆ, ಸರಕು ಕೊಂಡ ಕಂಪನಿಯ ಖರೀದಿ ಅಧಿಕಾರಿಗೆ, ಅವರ ಗೋಡೌನ್ ನೋಡಿಕೊಳ್ಳುವವನಿಗೆ. ಯಾವಾಗಿನಿಂದ ಯಾವಾಗಿನವರೆಗೆ? ಲಾರಿ ಹೊರಟ ದಿನದಿಂದ ಕಂಪನಿ ತಕರಾರು ಎತ್ತಿದ ದಿನದವರೆಗೆ. ಇಷ್ಟನ್ನೂ ಅವರು ಯಾರದೋ ಗೃಹಪ್ರವೇಶದ ಕಾರ್ಡಿನ ಹಿಂದೆ ಬರೆದರು. ಅರ್ಧ ಕಾರ್ಡು ಉಳಿಯಿತು, ಅದನ್ನು ಕತ್ತರಿಸಿ ಇಟ್ಟುಕೊಂಡರು.

ವಿಚಾರಣೆಯ ದಿನ ಕೋರ್ಟು ಹಾಲು ತುಂಬಿತ್ತು. ಗಿರಿಜಮ್ಮನ ಚಟ್ನಿಯ ವಿಷಯ ಹೇಗೋ ಮಾರ್ಕೆಟ್ಟಿಗೆಲ್ಲ ಹಬ್ಬಿತ್ತು. ನ್ಯಾಯಾಧೀಶರು ಹೊರಜಿಲ್ಲೆಯಿಂದ ವರ್ಗವಾಗಿ ಬಂದವರು, ನಗದ ಮನುಷ್ಯರು. ಕಂಪನಿಯ ವಕೀಲ ಗಡಗಡ ಸದ್ದಿನ ಪುಟಗಳನ್ನು ತೋರಿಸಿ, ‘ಇದು ಕೋಡ್ ಇರಬಹುದು ಸ್ವಾಮಿ. ಪೂರ್ತಿ ತನಿಖೆಯಾಗಬೇಕು’ ಎಂದ.

ಪಂಚಾಕ್ಷರಯ್ಯನವರು ಎದ್ದರು. ಹಿಂದಕ್ಕೆ ತಿರುಗಿ, ‘ಯಾರತ್ರಾದ್ರೂ ಕಾಯಿ ಐತೇನ್ರಪ್ಪ?’ ಎಂದರು. ತಿಪಟೂರಿನ ಕೋರ್ಟಿನಲ್ಲಿ ಆ ಪ್ರಶ್ನೆಗೆ ಇಲ್ಲವೆನ್ನುವವರು ಯಾರು? ನಾಲ್ಕೈದು ಚೀಲ ಒಟ್ಟಿಗೆ ಬಿಚ್ಚಿಕೊಂಡವು. ಎರಡನ್ನು ಆರಿಸಿ, ಅನುಮತಿ ಕೇಳಿ, ನ್ಯಾಯಾಧೀಶರ ಮೇಜಿಗೆ ಕಳಿಸಿದರು. ‘ದಯಮಾಡಿ ಅಲ್ಲಾಡಿಸಬೇಕು ಸ್ವಾಮಿ.’

ನ್ಯಾಯಾಧೀಶರು ಸುತ್ತ ನೋಡಿದರು. ಬಾಗಿಲಲ್ಲಿದ್ದ ಪೊಲೀಸನನ್ನೂ ನೋಡಿದರು. ಆಮೇಲೆ ಒಂದನ್ನು ಎತ್ತಿ ಅಲ್ಲಾಡಿಸಿದರು, ಗಡಗಡ ಎಂದಿತು. ಇನ್ನೊಂದನ್ನು ಅಲ್ಲಾಡಿಸಿದರು, ಏನೂ ಇಲ್ಲ. ಮೊದಲನೆಯದನ್ನು ಮತ್ತೆ ಅಲ್ಲಾಡಿಸಿದರು. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಅಲ್ಲಾಡಿಸಿದರು ಎಂದು ನನ್ನ ಅಭಿಪ್ರಾಯ. ಕೊನೆಗೆ ಕೆಳಗಿಟ್ಟು, ಕಂಪನಿಯ ವಕೀಲನ ಕಡೆ ತಿರುಗಿ, ‘ಇದರ ಇಂಗ್ಲಿಷ್ ಅನುವಾದಕ್ಕೆ ಲ್ಯಾಬಿನವರು ಪುಟಕ್ಕೆ ಎಷ್ಟು ತಗೋತಾರೆ?’ ಎಂದು ಕೇಳಿದರು. ಹಾಲು ಹೋ ಎಂದಿತು. ಪಂಚಾಕ್ಷರಯ್ಯನವರು ಮಾತ್ರ ನಗಲಿಲ್ಲ.

‘ನಮ್ಮ ತಕರಾರಿಲ್ಲ ಸ್ವಾಮಿ,’ ಎಂದರು. ‘ಅರ್ಜಿ ಮಂಜೂರು ಮಾಡಿ. ಆದರೆ ಸತ್ಯ ಎರಡೂ ಕಡೆ ಹುಡುಕಬೇಕಲ್ಲ. ಅದೇ ಪದಗಳನ್ನ ಕಂಪನಿಯ ಎಲ್ಲ ಕಂಪ್ಯೂಟರು, ಎಲ್ಲ ಫೋನುಗಳಲ್ಲೂ ಹುಡುಕಿಸಿ. ಅವರು ತಯಾರಿಸೋದು ಕೊಬ್ಬರಿ ಮಿಠಾಯಿ.’

ಕಂಪನಿಯ ವಕೀಲ ತಟ್ಟನೆ ಎದ್ದ. ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದ. ಬರುವಷ್ಟರಲ್ಲಿ ನಮ್ಮವರು ಗೃಹಪ್ರವೇಶದ ಕಾರ್ಡಿನಲ್ಲಿದ್ದುದನ್ನು ಅರ್ಜಿಯಾಗಿ ಕೊಟ್ಟಾಗಿತ್ತು. ಆ ಮೂರು ಜನರ ಸಂದೇಶ ಮಾತ್ರ, ಆ ಕೆಲವು ದಿನದ್ದು ಮಾತ್ರ, ಎರಡೂ ಕಡೆಯವರೂ ತೋರಿಸಬೇಕು, ಅನುವಾದವಿಲ್ಲ. ಅವನು ತನ್ನ ಅರ್ಜಿ ಬಿಟ್ಟು ಇದಕ್ಕೆ ಅಲ್ಲೇ ಒಪ್ಪಿದ.

ಹೊರಬಂದದ್ದೆಲ್ಲವನ್ನೂ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಕೇಳಿ ಮುಗಿಸಿದೆವು. ಲಾರಿ ತಲುಪಿದ ದಿನ ಖರೀದಿ ಅಧಿಕಾರಿ ಗಿರಿಜಮ್ಮನಿಗೆ, ‘ಮಾಲು ಬಂತು ಮೇಡಂ, ಮೂಟೆ ತೆಗೆಸಿ ನೋಡಿದೆ, ಫಸ್ಟ್ ಕ್ಲಾಸ್’ ಎಂದಿದ್ದ. ಅದಾದ ಮೇಲೆ ಗೋಡೌನಿನವನು ಅಧಿಕಾರಿಗೆ, ‘ಸಾರ್, ಶೀಟು ಸೋರಿ ಮೂಟೆಯೆಲ್ಲ ನೆಂದಿದೆ, ಏನ್ ಮಾಡ್ಲಿ?’ ಎಂದಿದ್ದ. ಅಧಿಕಾರಿಯ ಉತ್ತರ, ‘ಯಾರಿಗೂ ಹೇಳ್ಬೇಡ.’ ಗಿರಿಜಮ್ಮ ಅಷ್ಟನ್ನೂ ಕೇಳಿಸಿಕೊಂಡು ಸೆರಗಿನಿಂದ ಮುಖ ಒರೆಸಿಕೊಂಡರು. 

ತೀರ್ಪು ಬರಲು ಅದಾದ ಮೇಲೂ ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಪಂಚಾಕ್ಷರಯ್ಯನವರ ಗಂಟಲಿಗೆ ಕಾಯಿಲೆ ಬಂತು. ಅಂತಿಮ ವಾದವನ್ನು ನಾನೇ ಮಂಡಿಸಿದೆ. ಅವರು ಹಿಂದಿನ ಬೆಂಚಿನಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ನಾನು ಒಂದು ಮಾತು ಹೆಚ್ಚಿಗೆ ಆಡಿದಾಗಲೆಲ್ಲ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ಅದರಲ್ಲಿ ಕಾಯಿಲೆಯದೆಷ್ಟು, ಸೀನಿಯರದೆಷ್ಟು ಎಂದು ಹೇಳುವುದು ಕಷ್ಟ. ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬಂದರು, ಸೊರಗಿದರು, ಕೊನೆಗೆ ಹಾಸಿಗೆ ಹಿಡಿದರು.

ತೀರ್ಪಿನ ಪ್ರತಿ ಕೈಗೆ ಬಂದ ದಿನ ಗಿರಿಜಮ್ಮನನ್ನು ಕರೆದುಕೊಂಡು ಪಂಚಾಕ್ಷರಯ್ಯನವರ ಮನೆಗೆ ಹೋದೆ. ನಾನು ಅವರನ್ನು ಕಡೆಯದಾಗಿ ಕಂಡದ್ದು ಆವತ್ತೇ. ಮುಂದಿನ ವಾರ ಆಫೀಸಿನ ಬಾಗಿಲಿಗೆ ನಾನೊಬ್ಬಳೇ ಬೀಗ ಹಾಕಿ ಅವರ ಮಣ್ಣಿಗೆ ಹೋದೆ. ಆದರೆ ಆವತ್ತು ಅವರು ದಿಂಬಿಗೆ ಒರಗಿ ಕೂತಿದ್ದರು, ಕಣ್ಣು ಚುರುಕಾಗಿಯೇ ಇತ್ತು. ಮಾತು ಮಾತ್ರ ಪಿಸುಗುಟ್ಟುವಷ್ಟು ಉಳಿದಿತ್ತು. ನಾನು ಅವರ ಸ್ವಭಾವ ತಿಳಿದವಳಾದ್ದರಿಂದ ಪುಟಗಳನ್ನೆಲ್ಲ ಮಗುಚಿ ನೇರ ಕೊನೆಗೆ ಹೋದೆ. ‘ದಾವಾ ಖರ್ಚನ್ನೂ ಪ್ರತಿವಾದಿಯೇ ಭರಿಸತಕ್ಕದ್ದು ಅಂತ ಆಗಿದೆ ಸಾರ್.’

‘ಆ ಲ್ಯಾಬಿಂದೂವಾ?’ ಎಂದು ಪಿಸುಗುಟ್ಟಿದರು.

‘ಅದೂ ಸೇರಿ ಸಾರ್.’

ಅವರ ಮುಖದಲ್ಲಿ ನಾನು ಆವರೆಗೆ ಕಾಣದಿದ್ದ ಒಂದು ಐಷಾರಾಮಿ ನಗು ಬಂತು. ಆದರೆ ಗಿರಿಜಮ್ಮ ನನ್ನ ಮೊಣಕೈ ಹಿಡಿದರು. ‘ಅದು ಇರ್ಲಿ ಕಣವ್ವ. ನನ್ನ ವಿಷ್ಯ ಏನು ಬರ್ದವ್ರೆ, ಅದ್ನ ಓದು.’

ಹುಡುಕಿ ಓದಿದೆ. ‘ವಾದಿಯು ಸರಕಿನಲ್ಲಿ ಬೂಷ್ಟು ಹಿಡಿದ ಕೊಬ್ಬರಿಯನ್ನು ಬೆರೆಸಿದರೆಂಬ ಆರೋಪವು ಸುಳ್ಳೆಂದು ಈ ನ್ಯಾಯಾಲಯವು ತೀರ್ಮಾನಿಸುತ್ತದೆ. ವಾದಿಯು ಕಳುಹಿಸಿದ ಸರಕು ಉತ್ತಮವಾಗಿತ್ತು.’

ಗಿರಿಜಮ್ಮ ಮಂಚದ ಅಂಚಿನಲ್ಲೇ ಕೂತುಬಿಟ್ಟರು. ಅಷ್ಟು ದಪ್ಪ ದನಿಯ ಹೆಂಗಸು ಹೊರಗೆ ಕೇಳಿಸದ ಹಾಗೆ ಅಳುತ್ತಿದ್ದರು. ಅಳುತ್ತಲೇ, ‘ಇನ್ನೊಂದ್ ಕಿತ ಓದವ್ವ’ ಎಂದರು. ಓದಿದೆ. ‘ಇನ್ನೊಂದ್ ಕಿತ.’ ಮತ್ತೆ ಓದಿದೆ. ನಡುವೆ ತಲೆ ಎತ್ತಿ ನೋಡಿದಾಗ ಪಂಚಾಕ್ಷರಯ್ಯನವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಗಿರಿಜಮ್ಮ ಕೇಳಿದಷ್ಟು ಸಲವೂ ಓದಿದೆ. ಒಂದು ಮಾತು ಹೆಚ್ಚಾದರೂ ಕೆಮ್ಮುತ್ತಿದ್ದವರು ಸಾಕು ಅನ್ನಲಿಲ್ಲ.